ಇಸಿಜಿ ನಾರ್ಮಲ್, ಆದರೂ ಭಯ ಯಾಕೆ ಹೋಗಲ್ಲ?

ಕೋಲಾರದಲ್ಲಿ ಮನಸ್ಸಿನ ತೊಂದರೆಗೆ ಚಿಕಿತ್ಸೆ ಕೊಡುವ ನನ್ನ ಹತ್ತಿರ, ಇಸಿಜಿ ಸರಿ ಇದ್ದರೂ ಭಯ ಹೋಗದವರು ಬರುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅವರಲ್ಲಿ ಒಬ್ಬರು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು. ಒಂದು ದಿನ ಹರಾಜಿನ ಹೊತ್ತಲ್ಲಿ ಇದ್ದಕ್ಕಿದ್ದಂತೆ ಎದೆ ಡವಡವ, ಕೈ ಜೋಮು, ಸತ್ತೇ ಹೋಗ್ತೀನಿ ಅನ್ನೋ ಭಯ. ಹೃದಯದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ತೊಂದರೆ ಇಲ್ಲ ಅಂದರು. ಥೈರಾಯ್ಡ್ ಕೂಡ ಸರಿ ಇತ್ತು. ಆದರೂ ಅದು ಮತ್ತೆ ಮತ್ತೆ ಬಂತು.

ನನ್ನ ಹತ್ತಿರ ಬಂದಾಗ ಪ್ಲಾಸ್ಟಿಕ್ ಕವರ್ ತುಂಬ ಇಸಿಜಿ ಚೀಟಿ ತಂದಿದ್ದರು. ಹಳೆಯವು ಮಾಸಿ ಗೆರೆಯೇ ಕಾಣುತ್ತಿರಲಿಲ್ಲ. "ಇದು ತೆಗೆಸಿದ ರಾತ್ರಿ ಮಾತ್ರ ನಿದ್ದೆ ಬರುತ್ತೆ ಮೇಡಂ" ಅಂದರು. ಹೆಂಡತಿ ಮೆಲ್ಲಗೆ ಸೇರಿಸಿದರು: "ಸ್ನಾನಕ್ಕೆ ಹೋದ್ರೆ ಚಿಲಕ ಹಾಕಲ್ಲ. ನಾನು ಹೊರಗೇ ನಿಂತಿರಬೇಕು."

ಇದು ಪ್ಯಾನಿಕ್ ಡಿಸಾರ್ಡರ್, ಅಂದರೆ ಇದ್ದಕ್ಕಿದ್ದಂತೆ ವಿಪರೀತ ಭಯ ಮತ್ತೆ ಮತ್ತೆ ಬರುವ ತೊಂದರೆ. ಭಯವಾದಾಗ ದೇಹ ಬಿಡುವ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರಿ ಎದೆ ಬಡಿಯುತ್ತೆ. ಉಸಿರು ಜೋರಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದಾಗ ಕೈ ಜೋಮು ಹಿಡಿಯುತ್ತೆ. ಸಾಮಾನ್ಯವಾಗಿ ಸುಮಾರು 10 ನಿಮಿಷದಲ್ಲಿ ಜೋರಾಗಿ, ಆಮೇಲೆ ತಾನೇ ಇಳಿಯುತ್ತೆ. ಅಷ್ಟರಲ್ಲಿ ಇವರು ಆಸ್ಪತ್ರೆಗೆ ಆಟೊ ಹತ್ತಿರುತ್ತಾರೆ. ಹಾಗಾಗಿ ಇಸಿಜಿಯಿಂದಲೇ ಉಳಿದೆ ಅಂತ ಮನಸ್ಸು ನಂಬಿಬಿಡುತ್ತೆ.

ಅವರ ಡಾಕ್ಟರನ್ನು ಕೇಳಿಕೊಂಡು, ಮುಂದಿನ ಭೇಟಿಯಲ್ಲಿ ಅದೇ ಎದೆ ಬಡಿತ ಬೇಕಂತಲೇ ಬರಿಸೋಕೆ ಅವರನ್ನು ನಿಂತಲ್ಲೇ ಓಡಿಸಿದೆ. ಸ್ವಲ್ಪ ಹೊತ್ತಿಗೇ "ಅದೇ ಥರ ಆಗ್ತಿದೆ" ಅಂತ ಮೇಜು ಹಿಡಿದುಕೊಂಡರು. ಮುಖದಲ್ಲಿ ಬೆವರು. ನಾಡಿ ನೋಡಿಕೊಳ್ಳಬೇಡಿ, ನೀರು ಬೇಡ, ಸುಮ್ನೆ ನಿಂತಿರಿ ಅಂದೆ. ಬಡಿತ ನಿಧಾನಕ್ಕೆ ಇಳಿಯಿತು. ಆಗ ಅವರು ಕೇಳಿದರು: "ನಾನೇನೂ ಮಾಡಲೇ ಇಲ್ಲ ಅಲ್ವಾ?"

ಆಮೇಲೇ ನಾನು ಸಲಹೆ ಕೊಟ್ಟಿದ್ದು. ಅದೇ ಲಕ್ಷಣಕ್ಕೆ ಮತ್ತೆ ಇಸಿಜಿ ಬೇಡ. ಸ್ನಾನಕ್ಕೆ ಹೋದಾಗ ಚಿಲಕ ಹಾಕಿ. ಹೆಂಡತಿ ಮೊದಲು ಅಡುಗೆಮನೆಯಲ್ಲಿರಲಿ, ಆಮೇಲೆ ಅಂಗಡಿಗೆ ಹೋಗಲಿ.

ಹೆಂಡತಿಗೆ ಸಿಟ್ಟು ಬಂತು. "ಏನಾದ್ರೂ ಆದ್ರೆ ನೀವು ಬರ್ತೀರಾ?" ಅಂದರು. ಪ್ರೀತಿ ಇರೋರು ಹಾಗೇ ಕೇಳ್ತಾರೆ. ಆದರೆ ಬಾಗಿಲ ಹೊರಗೆ ಅವರು ನಿಂತಷ್ಟೂ ಒಳಗಿದ್ದವರಿಗೆ ಅಪಾಯ ನಿಜ ಅನ್ನಿಸುತ್ತೆ. ನಾನು ಆ ಸಲಹೆಯನ್ನು ಇವತ್ತೂ ಬಿಟ್ಟುಕೊಡಲ್ಲ. ಡಾಕ್ಟರು ಪೂರ್ತಿ ನೋಡಿದ ಮೇಲಷ್ಟೇ ಹಾಗೆ ಹೇಳಿದ್ದು. ಮೆಟ್ಟಿಲು ಹತ್ತುವಾಗ ಎದೆನೋವು ಬಂದರೆ, ನೋವು ದವಡೆಗೋ ತೋಳಿಗೋ ಹರಡಿದರೆ, ಹಿಂದೆಂದೂ ಆಗದ ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಿ ಅಂತ ಬರೆದೂ ಕೊಟ್ಟೆ.

ಕೆಲವರಿಗೆ ಮಾತ್ರೆಯೂ ಬೇಕಾಗುತ್ತೆ. ಅದು ಕೆಲಸ ಮಾಡೋಕೆ ಕೆಲವು ವಾರ ಹಿಡಿಯುತ್ತೆ. ಮನೋವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬೇಡಿ. ಯಾರನ್ನು ಕೇಳೋದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇವರು ಈಗ ಮಂಡಿಗೆ ಒಬ್ಬರೇ ಹೋಗುತ್ತಾರೆ. ಬೆಂಗಳೂರಿಗೆ ಬಸ್ಸಿನಲ್ಲಿ ಒಬ್ಬರೇ ಹೋಗೋದು ಇನ್ನೂ ಬಾಕಿ ಇದೆ.