ಪ್ರತಿ: ಮಕ್ಕಳೊಂದಿಗೆ ಫ್ಲೈ ಕಟ್ಟುವುದನ್ನು ಯಾವುದರಿಂದ ಆರಂಭಿಸಬೇಕು?

ನಮಸ್ಕಾರ. ಅಮೆರಿಕದಲ್ಲಿರುವ ತಾವು, ಮನೆಯ ಬಳಿಯ ಕೊಳದಲ್ಲಿ ಬ್ಲೂಗಿಲ್ ಎಂಬ ಸಣ್ಣ ಸಿಹಿನೀರಿನ ಮೀನು ಹಿಡಿಯಲು ಒಂಬತ್ತರ ಮಗಳು ಮತ್ತು ಆರರ ಮಗನೊಂದಿಗೆ ಯಾವ ಫ್ಲೈಗಳನ್ನು (ಕೊಕ್ಕೆಗೆ ದಾರ, ಗರಿ ಸುತ್ತಿ ಮಾಡುವ ಹುಳುವಿನಂಥ ಕೃತಕ ಎರೆಗಳನ್ನು) ಕಟ್ಟಬಹುದೆಂದು ಕೇಳಿದ್ದೀರಿ.

ಮಗನಿಗೆ ಸ್ಯಾನ್ ವಾನ್ ವರ್ಮ್ ಸಾಕು. ಕೊಕ್ಕೆಗೆ ದಾರ ಸುತ್ತಿ, ನವಿರೆಳೆಗಳ ದಪ್ಪ ನೂಲಾದ ಶೆನೀಲ್‌ನ ಒಂದು ತುಂಡನ್ನು ಬಿಗಿದರೆ ಎರೆಹುಳು ಸಿದ್ಧವಾಗುತ್ತದೆ. ತುದಿಗಳನ್ನು ಬೆಂಕಿಗೆ ಹಿಡಿದು ಚೂಪು ಮಾಡುವ ಕೆಲಸ ಮಾತ್ರ ನಿಮ್ಮದಾಗಿರಲಿ.

ಮಗಳಿಗೆ ವೂಲಿ ಬಗರ್ ಕಲಿಸಿ. ಮರಬೂ ಎಂಬ ಮೃದು ಗರಿಯ ಬಾಲ, ಶೆನೀಲ್‌ನ ಮೈ, ಅದರ ಮೇಲೆ ಸುರುಳಿಯಾಗಿ ಸುತ್ತಿದ ಕೋಳಿಗರಿ, ಇಷ್ಟೇ ಇದರ ರಚನೆಯಾದರೂ, ಸುತ್ತುಗಳು ಓರೆಕೋರೆಯಾದಾಗಲೂ ಮರಬೂ ನೀರಿನಲ್ಲಿ ಜೀವವಿದ್ದಂತೆ ಅಲುಗುವುದರಿಂದ ಮೀನು ಅದನ್ನು ತಿರಸ್ಕರಿಸುವುದು ಅಪರೂಪ. ನೀರಿನ ಮೇಲೆ ತೇಲುವ ಡ್ರೈ ಫ್ಲೈಗಳನ್ನು ಸದ್ಯಕ್ಕೆ ಬದಿಗಿಡಿ. ಅಲ್ಲಿ ಅಳತೆ ತಪ್ಪಿದರೆ ಫ್ಲೈ ಮಗುಚಿಕೊಳ್ಳುತ್ತದೆ, ಮಕ್ಕಳ ಉತ್ಸಾಹವೂ ಕುಂದುತ್ತದೆ.

ಬ್ಲೂಗಿಲ್‌ನ ಬಾಯಿ ಚಿಕ್ಕದಾದ್ದರಿಂದ 10ನೇ ಸಂಖ್ಯೆಯ ಕೊಕ್ಕೆ ಸೂಕ್ತ. ಸಂಖ್ಯೆ ಹೆಚ್ಚಿದಂತೆ ಕೊಕ್ಕೆ ಕಿರಿದಾಗುತ್ತದೆ ಎಂಬುದು ನೆನಪಿರಲಿ. ಮಕ್ಕಳು ದಾರವನ್ನು ಜೋರಾಗಿ ಎಳೆಯುವುದರಿಂದ 70ರ ಬದಲು 140 ಡೆನಿಯರ್‌ನ, ಅಂದರೆ ಹೆಚ್ಚು ದಪ್ಪನೆಯ, ದಾರ ಕೊಳ್ಳಿ. ಕೊಕ್ಕೆಯನ್ನು, ಅದನ್ನು ಬಿಗಿಯಾಗಿ ಹಿಡಿದಿಡುವ ಸಾಧನವಾದ ವೈಸ್‌ಗೆ ಸಿಕ್ಕಿಸುವ ಮೊದಲೇ ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಬ್ಬರಿಗೂ ರಕ್ಷಣಾ ಕನ್ನಡಕ ಹಾಕಿಸಿ. ಫ್ಯಾನ್ ಆರಿಸುವುದನ್ನು ಮರೆಯಬೇಡಿ, ಮರಬೂ ಮನೆಯೆಲ್ಲ ಹಾರುತ್ತದೆ.