ಓದುಗರ ಪ್ರಶ್ನೆ: ತಾರಸಿಯ ಬಿಸಿಲು, ಗುಡ್ಡದ ಗಾಳಿ

ಪ್ರಶ್ನೆ: ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿದೆ. ತಿಂಗಳಿಗೆ ಸುಮಾರು 300 ಯೂನಿಟ್ ಖರ್ಚು. 3 ಕಿಲೋವ್ಯಾಟ್ ಸೋಲಾರ್ ಸಾಕೇ? ಕರೆಂಟ್ ಹೋದಾಗಲೂ ನಡೆಯುತ್ತದೆಯೇ?

ಉತ್ತರ: ಧಾರಾಳವಾಗಿ ಸಾಕು. ನಮ್ಮ ಭಾಗದಲ್ಲಿ 1 ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಹುಟ್ಟುತ್ತದೆ. ಬೇಸಿಗೆಯಲ್ಲಿ ಜಾಸ್ತಿ, ಮುಂಗಾರಿನಲ್ಲಿ ಕಡಿಮೆ. ಸುಮಾರು 300 ಚದರಡಿ ನೆರಳಿಲ್ಲದ ಜಾಗ ಬೇಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಅದು ಸಿಗಲು ಪ್ಯಾನೆಲ್ ಮಾತ್ರವಲ್ಲ, ಅದರೊಳಗೆ ಬಿಸಿಲಿನಿಂದ ವಿದ್ಯುತ್ ಹುಟ್ಟಿಸುವ ಸೆಲ್ ಕೂಡ ದೇಶದಲ್ಲೇ ತಯಾರಾಗಿರಬೇಕು. ಕೊಟೇಷನ್‌ನಲ್ಲೇ ಇದನ್ನು ಬರೆಸಿಕೊಳ್ಳಿ. ನೀವು 200 ಯೂನಿಟ್ ದಾಟುವುದರಿಂದ ಗೃಹಜ್ಯೋತಿ ಹೇಗೂ ಸಿಗುವುದಿಲ್ಲ, ಹಾಗಾಗಿ ಸೋಲಾರ್ ನಿಮಗೆ ನಿಜಕ್ಕೂ ಲಾಭ.

ಹೆಚ್ಚಿನ ಮನೆಗಳಲ್ಲಿ ಎಡವುವುದು ನೆರಳಿನಲ್ಲಿ. ಪ್ಯಾನೆಲ್‌ಗಳು ಒಂದೇ ಸಾಲಿನಲ್ಲಿ ಜೋಡಣೆಯಾಗಿರುತ್ತವೆ, ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆ. ಡಿಸೆಂಬರಿನ ನಡುಹಗಲಲ್ಲಿ 6 ಅಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ಉತ್ತರಕ್ಕೆ ಸುಮಾರು 5 ಅಡಿ ಚಾಚುತ್ತದೆ. ಬೆಳಿಗ್ಗೆ 9ಕ್ಕೆ ಅದು ವಾಯವ್ಯಕ್ಕೆ ತಿರುಗಿ ಎರಡರಷ್ಟಕ್ಕೂ ಹೆಚ್ಚು ಉದ್ದವಾಗಿರುತ್ತದೆ. ಆದ್ದರಿಂದ ಟ್ಯಾಂಕಿನ ದಕ್ಷಿಣಕ್ಕೆ ಪ್ಯಾನೆಲ್ ಹಾಕಿಸಿ. ಮುಖ ದಕ್ಷಿಣಕ್ಕಿರಲಿ, ಇಳಿಜಾರು 14 ಡಿಗ್ರಿ ಆಸುಪಾಸು.

ತೊಳೆಯುವುದು ಬೆಳಗಿನ ಜಾವ ಅಥವಾ ಸಂಜೆ. ಸುಡುವ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಗಡಸು ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಗಟ್ಟಿಯಾಗಿ ಕೂರುತ್ತದೆ, ಒದ್ದೆ ಇರುವಾಗಲೇ ಒರೆಸಿಬಿಡಿ.

ಕರೆಂಟ್ ಹೋದರೆ ಸಾಮಾನ್ಯ ಸೋಲಾರ್ ಇನ್ವರ್ಟರ್ (ಪ್ಯಾನೆಲ್ಲಿನ ವಿದ್ಯುತ್ತನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಯಂತ್ರ) ತಾನೂ ನಿಲ್ಲುತ್ತದೆ. ನಿಮ್ಮ ಮನೆಯಿಂದ ಲೈನಿಗೆ ವಿದ್ಯುತ್ ಹರಿದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ, ಅದಕ್ಕೇ ಈ ಏರ್ಪಾಡು. ಆಗಲೂ ಬೆಳಕು ಬೇಕೆಂದರೆ ಬ್ಯಾಟರಿಯೊಂದಿಗೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು; ಖರ್ಚು ಏರುತ್ತದೆ.

ಪ್ರಶ್ನೆ: ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳಿವೆಯಲ್ಲ, ನಮ್ಮ ತಾರಸಿಗೂ ಚಿಕ್ಕದೊಂದು ಹಾಕಿಸಬಹುದೇ?

ಉತ್ತರ: ಬೇಡ. ಗಾಳಿಯ ವೇಗ ಅರ್ಧವಾದರೆ ಸಿಗುವ ಶಕ್ತಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಗುಡ್ಡದ ನೆತ್ತಿಯಲ್ಲಿ ಗಾಳಿ ಒತ್ತರಿಸಿಕೊಂಡು ಜೋರಾಗುತ್ತದೆ. ಊರೊಳಗೆ ಗೋಡೆ, ಮರಗಳಿಗೆ ಬಡಿದು ಸುಳಿಸುಳಿಯಾಗಿ ಬರುತ್ತದೆ. ಅದರಲ್ಲಿ ರೆಕ್ಕೆ ಸರಿಯಾಗಿ ತಿರುಗುವುದಿಲ್ಲ, ಬೇರಿಂಗ್ ಬೇಗ ಸವೆಯುತ್ತದೆ, ಅದುರುವಿಕೆ ಸ್ಲ್ಯಾಬಿಗೆ ಇಳಿಯುತ್ತದೆ. ಅದೇ ಹಣಕ್ಕೆ ಸೋಲಾರ್ ಹಾಕಿಸಿ. ಹಾಕಿಸುವಾಗ ಆಷಾಢದ ಗಾಳಿ ನೆನಪಿರಲಿ: ಗ್ಯಾಲ್ವನೈಸ್ ಮಾಡಿದ ಸ್ಟ್ಯಾಂಡನ್ನು ಕಾಂಕ್ರೀಟ್ ದಿಮ್ಮಿಗಳಿಗೆ ಬೋಲ್ಟ್ ಮಾಡಿಸಿ. ಸ್ಲ್ಯಾಬಿಗೇ ತೂತು ಹೊಡೆದರೆ ಮಳೆಗಾಲದಲ್ಲಿ ಸೋರಿಕೆ ಶುರುವಾಗುತ್ತದೆ.