ಮಂಡಿ ಮಡಚುವ ಡಿಗ್ರಿ ದಿನಾ ಏರುಪೇರಾಗ್ತಿದೆ, ಯಾವ ಆ್ಯಪ್ ನಂಬಬೇಕು?

ಎಸಿಎಲ್ (ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಒಂದು ಲಿಗಮೆಂಟ್) ಆಪರೇಷನ್ ಆಗಿ ಮೂರು ವಾರ, ನಿನ್ನೆ 102 ಡಿಗ್ರಿ, ಇವತ್ತು 96 ಅಂತ ಬರೆದಿದ್ದೀರಿ. ಓದಿ ನಗು ಬಂತು, ಕ್ಷಮಿಸಿ. ನನ್ನ ಹಳೇ ನೋಟ್‌ಬುಕ್ಕಿನಲ್ಲೂ ಹೀಗೇ ಇದೆ. ಬೆಳಿಗ್ಗೆ ಒಂದು ಅಂಕಿ, ರಾತ್ರಿ ಒಂದು. ಹೆಚ್ಚಾದರೆ ಪಕ್ಕದಲ್ಲಿ ಟಿಕ್ ಮಾರ್ಕು, ಕಡಿಮೆಯಾದರೆ ಇಡೀ ದಿನ ಮುಖ ಸಪ್ಪೆ.

ನನ್ನದು ಎಡ ಮಂಡಿ. ಆಟದಲ್ಲಿ ಎಗರಿ ಇಳಿಯುವಾಗ ತಿರುಚಿತು, ಲಿಗಮೆಂಟ್ ಹರಿಯಿತು, ಆಪರೇಷನ್ ಆಯಿತು. ಆಮೇಲೆ ನನಗೆ ಹತ್ತಿದ್ದು ಮಡಚುವ ಹುಚ್ಚು. 90 ದಾಟಿದ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ತಪ್ಪು ಆಗಿದ್ದು ಬೇರೆ ಕಡೆ. ರಾತ್ರಿ ಮಂಡಿ ಕೆಳಗೆ ದಿಂಬು ಇಟ್ಟುಕೊಂಡು ಮಲಗುತ್ತಿದ್ದೆ. ಯಾಕೆಂದರೆ ಹಾಗೆ ನೋವು ಇರುತ್ತಿರಲಿಲ್ಲ. ಊದಿದ ಮಂಡಿಗೆ ಸುಮಾರು 30 ಡಿಗ್ರಿ ಬಾಗಿದಾಗ ಒಳಗೆ ನೀರಿಗೆ ಜಾಸ್ತಿ ಜಾಗ ಸಿಗುತ್ತದೆ, ಒತ್ತಡ ಇಳಿಯುತ್ತದೆ. ಹಾಗಾಗಿ ಅದು ಆ ಭಂಗಿಯನ್ನೇ ಬಯಸುತ್ತದೆ. ನಾನು ಅದು ಕೇಳಿದ್ದನ್ನು ಕೊಟ್ಟೆ, ದಿನಾ ಏಳೆಂಟು ಗಂಟೆ, ಐದು ವಾರ. ಕಾಲು ಪೂರ್ತಿ ನೆಟ್ಟಗೆ ಚಾಚುತ್ತಿದೆಯೇ ಅಂತ ಒಂದು ದಿನವೂ ಅಳೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಕಾಲಂ ಕೂಡ ಇರಲಿಲ್ಲ!

ಆರನೇ ವಾರ ಹೊಸ ಫಿಸಿಯೋ ನನ್ನ ಎರಡೂ ಹಿಮ್ಮಡಿಗಳನ್ನು ಸುತ್ತಿದ ಟವೆಲ್ ಮೇಲೆ ಇಟ್ಟು, ತೊಡೆ ಬಿಗಿ ಮಾಡಿ ಅಂದರು. ಬಲಗಾಲಿನ ಮಂಡಿ ನೆಟ್ಟಗಾಗಿ ಇನ್ನೂ ಸ್ವಲ್ಪ ಕೆಳಕ್ಕೆ ಹೋಯಿತು. ಎಡಗಾಲಿನದು ಮೇಲೇ ನಿಂತಿತು. ಕೀಲಿನ ಕೋನ ಅಳೆಯುವ ಎರಡು ತೋಳಿನ ಸ್ಕೇಲು, ಅಂದರೆ ಗೋನಿಯೋಮೀಟರ್ ಹಿಡಿದರು: ಎಡಗಾಲು ನೆಟ್ಟಗಾಗಲು 7 ಡಿಗ್ರಿ ಬಾಕಿ. ಏಳು ತಾನೇ ಅಂದುಕೊಂಡೆ. ಬಲಗಾಲು ಸೊನ್ನೆ ದಾಟಿ 5 ಡಿಗ್ರಿ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ನಿಮಗೆ ಕಡಿಮೆ ಇರುವುದು 12 ಅಂದರು. ನಾನು ಕುಂಟುತ್ತಿದ್ದದ್ದು, ನಿಂತರೆ ಸಾಕು ತೊಡೆ ಸೋಲುತ್ತಿದ್ದದ್ದು, ಮಂಡಿಚಿಪ್ಪಿನ ಮುಂದೆ ಉರಿ, ಎಲ್ಲದಕ್ಕೂ ಅದೇ ಕಾರಣವಾಗಿತ್ತು. ಬಾಗಿದ ಮಂಡಿಯಲ್ಲಿ ನಿಂತರೆ ತೊಡೆಯ ಸ್ನಾಯುವಿಗೆ ಬಿಡುವೇ ಇರುವುದಿಲ್ಲ.

ಹಾಗಾಗಿ ಯಾವ ಆ್ಯಪ್ ಅನ್ನುವ ಪ್ರಶ್ನೆಯನ್ನೇ ಬಿಡಿ. ಪಳಗಿದ ಕೈ ಗೋನಿಯೋಮೀಟರ್ ಹಿಡಿದರೂ ಐದು ಡಿಗ್ರಿ ಆಚೀಚೆ ಆಗುವುದು ಮಾಮೂಲು. ನಿಮ್ಮ 102 ಮತ್ತು 96ರ ನಡುವೆ ಬಹುಶಃ ಏನೂ ಆಗಿಲ್ಲ. ಫೋನನ್ನು ಕಾಲಿನ ಮೇಲೆ ಎರಡು ಬೆರಳು ಆಚೆ ಇಟ್ಟಿರುತ್ತೀರಿ, ಅಥವಾ ಸಂಜೆ ಊತ ಜಾಸ್ತಿ ಇದ್ದಿರಬಹುದು. ಅಳೆಯಲೇಬೇಕು ಅಂದರೆ ವಾರಕ್ಕೊಮ್ಮೆ ಸಾಕು, ಒಂದೇ ಹೊತ್ತಿನಲ್ಲಿ, ಒಬ್ಬರೇ ಅಳೆಯಲಿ. ಗೋನಿಯೋಮೀಟರ್ ಆದರೆ ಅದರ ನಡುಕೀಲು ಮಂಡಿಯ ಹೊರಬದಿಯ ಉಬ್ಬಿನ ಮೇಲೆ ಬರಬೇಕು, ಒಂದು ತೋಳು ತೊಡೆಯ ಮೇಲ್ತುದಿಯ ಹೊರಬದಿಯಲ್ಲಿ ಕೈಗೆ ಸಿಗುವ ಎಲುಬಿನ ಕಡೆಗೆ, ಇನ್ನೊಂದು ಹೊರಗಿನ ಕಾಲ್ಗಂಟಿನ ಕಡೆಗೆ. ನಾನು ಪೆನ್ನಿನಲ್ಲಿ ಮೂರು ಚುಕ್ಕೆ ಇಟ್ಟುಕೊಳ್ಳುತ್ತಿದ್ದೆ, ಸ್ನಾನ ಮಾಡಿದರೆ ಅಳಿಸಿ ಹೋಗುತ್ತಿತ್ತು ಅಷ್ಟೇ. ಪ್ಯಾಂಟಿನ ಮೇಲೆ ಅಳೆಯಬೇಡಿ.

ಚಾಚುವುದನ್ನು ಅಳೆಯಲು ಯಂತ್ರವೇ ಬೇಡ. ಬೋರಲು ಮಲಗಿ, ತೊಡೆ ಮಂಚದ ಮೇಲೆ, ಮಂಡಿಚಿಪ್ಪುಗಳು ಅಂಚಿನಿಂದ ಸ್ವಲ್ಪ ಆಚೆ. ಕಾಲು ಸಡಿಲ ಬಿಡಿ. ಎರಡು ಹಿಮ್ಮಡಿಗಳ ಎತ್ತರದ ವ್ಯತ್ಯಾಸವನ್ನು ಯಾರಾದರೂ ಸ್ಕೇಲಿನಲ್ಲಿ ನೋಡಲಿ. 1 ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ 1 ಡಿಗ್ರಿ.

ಮಡಚುವುದರ ಬಗ್ಗೆ ಹೇಳಬೇಕು ಅಂದರೆ, ನಡೆಯಲು 60-70 ಡಿಗ್ರಿ ಸಾಕು, ಅದು ನಿಮ್ಮ ಹತ್ತಿರ ಆಗಲೇ ಇದೆ. ಮೆನಿಸ್ಕಸ್‌ಗೂ (ಮಂಡಿಯೊಳಗಿನ ಮೆತ್ತೆ) ಹೊಲಿಗೆ ಹಾಕಿದ್ದರೆ ಸರ್ಜನ್ ಹೇಳಿದ ಮಿತಿ ದಾಟಲೇಬೇಡಿ. ಚಾಚುವುದು ಒಂದೇ ಕಡೆ ಗಟ್ಟಿಯಾಗಿ ತಡೆದು ನಿಂತರೆ, ಅಥವಾ ಮಂಡಿ ಇದ್ದಕ್ಕಿದ್ದಂತೆ ಸಿಕ್ಕಿಹಾಕಿಕೊಂಡರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಒಳಗೆ ಗಾಯದ ಗಂಟು ಬೆಳೆದು ಅಡ್ಡ ಬರುವುದುಂಟು.

ನನಗೆ ಆ 12 ಡಿಗ್ರಿ ವಾಪಸ್ ತರಲು ಐದು ತಿಂಗಳು ಹಿಡಿಯಿತು. ನೀವೂ ಮಂಡಿ ಕೆಳಗೆ ದಿಂಬು ಇಟ್ಟುಕೊಳ್ಳುತ್ತಿದ್ದರೆ ಇವತ್ತೇ ತೆಗೆಯಿರಿ, ಇಡಲೇಬೇಕೆಂದರೆ ಹಿಮ್ಮಡಿ ಕೆಳಗೆ ಇಡಿ. ಮೊದಲೆರಡು ರಾತ್ರಿ ಬೈದುಕೊಳ್ಳುತ್ತೀರಿ.